ಮುರಗೆಪ್ಪ ಕಾರು ಓಡಿಸಿದ್ದು

“ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನ್ಯಾಗ ಕಾರಿನ ಗೇಮ್ ಆಡೂದಂದ್ರ, ಎತ್ತಿಲ್ಲದ ಚಕ್ಕಡಿ ಮ್ಯಾಲ ಕುಂತು ಬಾರಕೋಲ ಬೀಸಿದಂಗ!”

ಮಹಾಲಿಂಗಪುರದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮುರಗೆಪ್ಪ ಹೀಗೆಂದು ಬಸಿಯಲ್ಲಿದ್ದ ಚಹಾ ಸೊರ್ರನೆ ಹೀರಿದ. ಸುಮ್ಮನೆ ಆಡಿದ ಮಾತು. ಆದರೆ ಹಿಂದಿನ ಬೆಂಚಿನಲ್ಲಿ ಬೆಲ್ಲದ ವ್ಯಾಪಾರಿ ರಾಚಪ್ಪ ಕೂತಿದ್ದ.

ಮುರಗೆಪ್ಪ ಸೀರೆ ಅಂಗಡಿಯ ಗುಮಾಸ್ತ. ಸೀರೆ ಸುತ್ತಿಕೊಡಲು ತಂದ ರದ್ದಿ ಪತ್ರಿಕೆಯಲ್ಲಿ ಕಂಪ್ಯೂಟರ್ ಸುದ್ದಿ ಕಂಡರೆ ಓದದೆ ಮಡಿಸುತ್ತಿರಲಿಲ್ಲ. ರದ್ದಿ ಹಳೆಯದಾದ್ದರಿಂದ ಜಗತ್ತೇ ಮರೆತ ಪ್ರೊಸೆಸರ್ ಅವನ ಬಾಯಲ್ಲಿ ಆಗಷ್ಟೇ ಬಿಡುಗಡೆಯಾಗುತ್ತಿತ್ತು. ಊರವರು ತಲೆದೂಗುತ್ತಿದ್ದರು. ಅವನು ಈ ತನಕ ಮೌಸ್ ಕೂಡ ಮುಟ್ಟಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಜಮಖಂಡಿಗೆ ಹೋದಾಗಲೆಲ್ಲ ಅವನು ಒಂದು ಕಂಪ್ಯೂಟರ್ ಕ್ಲಾಸಿನ ಕಿಟಕಿಯ ಹೊರಗೆ ನಿಲ್ಲುತ್ತಿದ್ದ. ಒಳಗೆ ಹುಡುಗರು ಗೇಮ್ ಆಡುತ್ತಿದ್ದರು. ಕೆಂಪು ಕಾರು ಸಮುದ್ರದ ದಂಡೆಯ ರಸ್ತೆಯಲ್ಲಿ ಸರ‍್ರನೆ ಹೊರಳುವಾಗ ಕಿಟಕಿಯ ಹೊರಗೆ ಅವನ ಮೈಯೂ ಅತ್ತಲೇ ವಾಲುತ್ತಿತ್ತು. ಒಂದೇ ಒಂದು ಸಲ, ಆ ತಿರುವಿನ ತನಕ ಸಾಕು. ಆದರೆ ಕೇಳಲು ನಾಚಿಕೆ. ಅವನನ್ನು ಕಂಡ ಹುಡುಗರು, “ಸರ್, ರ‍್ಯಾಮ್ ಎಷ್ಟ ಹಾಕಸೂಣ್ರಿ?” ಎಂದು ಕೇಳಿಬಿಡುತ್ತಿದ್ದರು. ಇವನು ಸಲಹೆ ಕೊಟ್ಟು, ಆಸೆ ನುಂಗಿಕೊಂಡು ಬಸ್ ಹತ್ತುತ್ತಿದ್ದ.

ಈಗ ರಾಚಪ್ಪ ಬಂದು ಅವನ ಹೆಗಲ ಮೇಲೆ ಕೈಹಾಕಿದ. “ಮುರಗೆಪ್ಪನವರ, ನಮ್ಮ ವೈಶಾಲಿಗಿ ಕಂಪ್ಯೂಟರ್ ತಂದೇನ್ರಿ. ಅದರಾಗ ಕಾರ್ಡೂ ಐತಂತ. ನೀವ ಬಂದು ಕಾರ್ ಓಡಿಸಿ ತೋರಸ್ರಿ. ಮಾಲ್ ಛಲೋ ಐತೋ ಇಲ್ಲೋ ಗೊತ್ತಾಗ್ಲಿ.”

ಮುರಗೆಪ್ಪನ ಎದೆ ಹಿಗ್ಗಿತು. ಮರುಕ್ಷಣವೇ ಕುಗ್ಗಿತು. “ಇವತ್ತ ಅಂಗಡ್ಯಾಗ ಗಿರಾಕಿ ಭಾಳ ಅದಾರ್ರೀ…”

“ಸಾವಕಾರಗ ನಾ ಹೇಳತೇನಿ, ನಡೀರಿ!”

ಹೋಗುವ ದಾರಿಯಲ್ಲಿ ರಾಚಪ್ಪ ಕಂಡವರಿಗೆಲ್ಲ ಸುದ್ದಿ ಹೇಳಿದ. ಮನೆ ಮುಟ್ಟುವಷ್ಟರಲ್ಲಿ ಅರ್ಧ ಓಣಿಯೇ ಹಿಂದಿತ್ತು. ಪಕ್ಕದ ಮನೆಯ ಮುದುಕಿ ಕೆಂಪವ್ವ ಆಗಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಕಾಲೇಜು ಓದುವ ರಾಚಪ್ಪನ ಮಗಳು ವೈಶಾಲಿ ಗೇಮ್ ಹಚ್ಚಿಟ್ಟು ಚಹಾ ಮಾಡಲು ಒಳಗೆ ಹೋದಳು.

ಯಾವ ಗುಂಡಿ ಒತ್ತಬೇಕೆಂದೇ ತಿಳಿಯದ ಮುರಗೆಪ್ಪ ಹೊತ್ತು ಕಳೆಯಲು, “ಗಾಳಿ ಸಾಲೂದಿಲ್ರಿ. ಪ್ರೊಸೆಸರ್ ಕಾಯ್ತತಿ” ಎಂದ. ತಕ್ಷಣ ನಾಲ್ಕು ಜನ ಮೇಜನ್ನು ಕಿಟಕಿಯತ್ತ ದರದರ ಎಳೆದರು. ಕೆಂಪವ್ವ ಪರದೆಯ ಹಣೆಗೆ ಕುಂಕುಮ ಹಚ್ಚಿದಳು. “ಹೂಂ, ಓಡಸೋ ಮುರಗ್ಯಾ!”

ಇನ್ನು ನೆಪ ಉಳಿದಿರಲಿಲ್ಲ. ದೇವರ ಮೇಲೆ ಭಾರ ಹಾಕಿ ಕೀಬೋರ್ಡಿನ ಮೇಲೆ ಕೈಯಿಟ್ಟ.

ಕಾರು ಹೊರಟಿತು! ಅದೇ ಕೆಂಪು ಕಾರು, ಅದೇ ಸಮುದ್ರ. ಅವನು ಎಡಗಡೆಯ ಗುಂಡಿ ಒತ್ತಿದ. ತಿರುವಿನಲ್ಲಿ ಕಾರು ಎಡಕ್ಕೇ ಹೊರಳಿತು. ಬೆರಳುಗಳು ಕಾದ ಹಂಚಿನ ಮೇಲಿನ ಜೋಳದಂತೆ ಕುಣಿದವು. ಒಂದೊಂದೇ ಕಾರನ್ನು ಹಿಂದೆ ಹಾಕಿ ಕೊನೆಗೆ ಮೊದಲನೆಯವನಾಗಿ ಗೆರೆ ದಾಟಿದ. ಮಂದಿ ಸೀಟಿ ಹೊಡೆಯಿತು. ಮುರಗೆಪ್ಪನ ಕಣ್ಣು ತುಂಬಿ ಪರದೆ ಮಂಜಾಯಿತು.

ಜನ ಗದ್ದಲ ಮಾಡುತ್ತ ಪಡಸಾಲೆಗೆ ಚಹಾ ಕುಡಿಯಲು ಹೋದರು. ವೈಶಾಲಿ ಅವನ ಚಹಾದ ಕಪ್ಪು ತಂದವಳು ಮೇಜಿನ ಕೆಳಗೆ ಬಗ್ಗಿ, ಒಂದು ವಾಯರಿನ ತುದಿ ಹಿಡಿದು ಎದ್ದಳು.

“ಕಾಕಾ,” ಎಂದಳು ಮೆಲ್ಲಗೆ, “ಮೇಜ ಜಗ್ಗುಮುಂದ ಕೀಬೋರ್ಡಿನ ವಾಯರ್ ಕಳಚೈತ್ರಿ. ಯಾರೂ ಏನೂ ಒತ್ತಲಿಲ್ಲಂದ್ರ ಗೇಮ್ ತಾನ ಕಾರ್ ಓಡಿಸಿ ತೋರಸ್ತತಿ.”

ಮುರಗೆಪ್ಪ ತನ್ನ ಬೆರಳುಗಳನ್ನೇ ನೋಡಿಕೊಂಡ. “ಹಂಗಾರ… ಓಡಿಸಿದಾಂವ ನಾ ಅಲ್ಲೇನವಾ?”

ಹುಡುಗಿಯ ಕರುಳು ಚುರುಕ್ ಎಂದಿತು. “ಯಾರ ಮುಂದೂ ಹೇಳೂದಿಲ್ರಿ. ವಾಯರ್ ಹಚ್ಚಿ ತಿರುಗಿ ಚಾಲೂ ಮಾಡ್ತೇನಿ. ಈಗ ಖರೆ ಖರೆ ಓಡಸ್ರಿ.”

ಕಂಪ್ಯೂಟರ್ ಮತ್ತೆ ಚಾಲೂ ಆಯಿತು. ವೈಶಾಲಿ ಯಾವ ಗುಂಡಿ ಏನೆಂದು ಒಂದೊಂದಾಗಿ ತೋರಿಸಿದಳು. ಕೆಂಪು ಕಾರು ಗೆರೆಯ ಹಿಂದೆ ಬಂದು ನಿಂತಿತು. ಮುರಗೆಪ್ಪ ಉಸಿರು ಬಿಗಿಹಿಡಿದು ಬೆರಳು ಚಾಚಿದ.

ಚಹಾ ಮುಗಿಸಿ ಬಂದ ರಾಚಪ್ಪ ಹಿಂದಿನಿಂದ ಅವನ ರಟ್ಟೆ ಹಿಡಿದು ಎಬ್ಬಿಸಿದ. “ಏಳ್ರಿ, ಏಳ್ರಿ! ಇಷ್ಟ ಕಲ್ತವ್ರು ಆಡೂದೇನ್ರಿ? ನೀವು ಗುರುಗಳು. ಹಿಂದ ನಿಂತು ಕಲಸ್ರಿ. ಇನ್ನ ಉಳದ ಮಂದಿ ಆಡ್ಲಿ.”

ಕುರ್ಚಿಯಲ್ಲಿ ಮೊದಲು ಕೆಂಪವ್ವ ಕೂತಳು. ಅವಳು ಕಾರನ್ನು ನೇರ ಸಮುದ್ರಕ್ಕೆ ಇಳಿಸಿದಳು. ಆಮೇಲೆ ರಾಚಪ್ಪ, ಆಮೇಲೆ ಓಣಿಯವರು. ಎಲ್ಲರೂ ಸಮುದ್ರಕ್ಕೇ. ಪ್ರತಿ ರವಿವಾರ ಹೀಗೇ ಸೇರಬೇಕು, ಗುರುಗಳು ತಪ್ಪದೆ ಬಂದು ನಿಂತು ಕಲಿಸಬೇಕು ಎಂದು ಅಲ್ಲೇ ಠರಾವಾಯಿತು.

ದೀಪ ಹಚ್ಚುವ ಹೊತ್ತಾದರೂ ಮುರಗೆಪ್ಪ ಕುರ್ಚಿಯ ಹಿಂದೆ ನಿಂತೇ ಇದ್ದ. “ಎಡಕ್ಕ ಹೊಳ್ಳಸ್ರಿ… ಇನ್ನೀಟ ಎಡಕ್ಕ…” ಎನ್ನುತ್ತಿದ್ದ. ಅವನ ಬಲಗಾಲು ಮಾತ್ರ ಯಾರಿಗೂ ಕಾಣದಂತೆ ರಾಚಪ್ಪನ ಮನೆಯ ನೆಲದ ಫರಸಿಕಲ್ಲನ್ನು ಎಕ್ಸಿಲರೇಟರ್ ತುಳಿದಂತೆ ಬಲವಾಗಿ ಒತ್ತುತ್ತಿತ್ತು.