ಹಾರ್ರಿ ಅಂದ್ರೆ ಯಾರೂ ಹಾರಲ್ಲ

ನಿಟ್ಟುವಳ್ಳಿಯಲ್ಲಿ ಫೋಟೋ ಸ್ಟುಡಿಯೋ ತೆರೆದು ಇಪ್ಪತ್ತು ವರ್ಷವಾಯಿತು, ವಾರಕ್ಕೊಬ್ಬರಾದರೂ ನನ್ನ ರಕ್ತ ಕುದಿಸದೆ ಬಿಟ್ಟಿಲ್ಲ. ಮೊದಲೆಲ್ಲ ಜನ ಕುರ್ಚಿ ಮೇಲೆ ನೆಟ್ಟಗೆ ಕೂತು, ಮಂಡಿ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದು ಕ್ಯಾಮೆರಾ ನೋಡುತ್ತಿದ್ದರು. ಎಷ್ಟು ನೆಮ್ಮದಿ! ಈಗ ಎಲ್ಲರಿಗೂ ಗಾಳಿಯಲ್ಲಿರುವ ಫೋಟೋನೇ ಬೇಕು. ಮದುಮಕ್ಕಳು ಹಾರಬೇಕು, ನಾಯಿ ಹಾರಬೇಕು, ಮನೆಯ ಹಿರಿಯರೂ ಹಾರಬೇಕು. ಮೊಬೈಲಿನಲ್ಲಿ ಯಾರದೋ ಫೋಟೋ ತೋರಿಸಿ, "ಹಿಂಗೇ ಬರ್ಬೇಕು ನೋಡ್ರಿ" ಅನ್ನುತ್ತಾರೆ. ಹಾರಬೇಕಾದವರು ಅವರು, ಬರದಿದ್ದರೆ ತಪ್ಪು ನನ್ನದು. ನನಗೆ ಸಿಟ್ಟು ಬರುತ್ತದೆ. ಮುಚ್ಚಿಡುವುದೇನು, ಬಹಳ ಬರುತ್ತದೆ.

ಭತ್ತ ಅಳೆದ ಹಾಗೆ

ನಂದಿಗುಡಿಯಿಂದ ನಾಲ್ವರು ಅಣ್ಣತಮ್ಮಂದಿರು ಬಂದು ನನ್ನನ್ನು ಕರೆದುಕೊಂಡು ಹೋದರು. ಭತ್ತದ ರಾಶಿ ಮುಂದೆ ನಾಲ್ವರೂ ಒಟ್ಟಿಗೆ ಹಾರಬೇಕಂತೆ. "ಮೂರು ಅಂದಾಗ ಎಲ್ಲರೂ ಹಾರ್ರಿ" ಎಂದು ಹೇಳಿ, ಎಣಿಸುವ ಕೆಲಸ ಹಿರಿಯಣ್ಣನಿಗೆ ಕೊಟ್ಟೆ. ನಾನು ಮಾಡಿದ ತಪ್ಪು ಅದೊಂದೇ.

ಆ ಮನುಷ್ಯ ಜೀವನದಲ್ಲಿ ಗಟ್ಟಿಯಾಗಿ ಎಣಿಸಿದ್ದು ಕಣದಲ್ಲಿ ಭತ್ತ ಅಳೆಯುವಾಗ ಮಾತ್ರ. ರಾಶಿ ಅಳೆಯುವವರು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲೆಕ್ಕ ಮರೆಯಬಾರದೆಂದು, ಅಳತೆ ತುಂಬಿ ಸುರಿಯುವ ತನಕ ಅದನ್ನೇ ಹಾಡುತ್ತಿರುತ್ತಾರೆ. ಇವನೂ ಶುರು ಮಾಡಿದ. "ಲಾಭಾ... ಲಾಭಾ... ಲಾಭಾ... ಎರಡೂ... ಎರಡೂ... ಎರಡೂ... ಮೂರೂ..."

ಮೊದಲನೆಯ ಮೂರಕ್ಕೆ ಎರಡನೆಯವನು ಹಾರಿದ. ಅವನು ಇಳಿಯುವಾಗ ಇನ್ನೊಂದು ಮೂರು ಬಂತು, ಮೂರನೆಯವನು ಹಾರಿದ. ಕೊನೆಯ ತಮ್ಮ ಯಾವ ಮೂರು ನಿಜವಾದ ಮೂರು ಎಂದು ತಿಳಿಯದೆ ನಾಲ್ಕಕ್ಕೆ ಹಾರಿದ. ಹಿರಿಯಣ್ಣ ಹಾರಲೇ ಇಲ್ಲ. ಹದಿನೆಂಟು ಸಲ ಇದೇ ಕತೆ.

"ನೀವ್ಯಾಕ್ರಿ ಹಾರ್ತಿಲ್ಲ?" ಎಂದೆ.

"ನಾ ಹಾರಿದ್ರೆ ಲೆಕ್ಕ ತಪ್ಪಲ್ಲೇನ್ರಿ?" ಎಂದ.

"ನಿಮ್ಮ ಲೆಕ್ಕಕ್ಕಿಷ್ಟು ಬೆಂಕಿ ಹಾಕ!" ಎಂದು ಕೂಗಿಬಿಟ್ಟೆ. ತುಂಬಿದ ರಾಶಿ ಮುಂದೆ ನಿಂತು ಬೆಂಕಿ ಅಂದವನನ್ನು ಯಾರು ಸಹಿಸುತ್ತಾರೆ? ನಾಲ್ವರೂ ಒಟ್ಟಿಗೆ ಬಸ್‌ಸ್ಟಾಪಿನವರೆಗೆ ನನ್ನನ್ನು ಅಟ್ಟಿಸಿಕೊಂಡು ಬಂದರು. ಅವತ್ತು ಅವರು ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಸುದ್ದಿ ನನಗಿಂತ ಮೊದಲು ಅಂಗಡಿ ಮುಟ್ಟಿತ್ತು. ಸ್ಟುಡಿಯೋದ ಮೂಲೆಯಲ್ಲೇ ಜೆರಾಕ್ಸ್ ನೋಡಿಕೊಳ್ಳುವವಳು ನನ್ನ ಹೆಂಡತಿ. "ಇನ್ನೊಬ್ಬ ಗಿರಾಕಿಗೆ ಬೈದ್ರೆ ಕ್ಯಾಮೆರಾ ಅಟ್ಟಕ್ಕೆ ಹಾಕ್ತೀನಿ. ನೀವು ಇಲ್ಲಿ ಕೂಡ್ರಿ. ಜೆರಾಕ್ಸ್ ಮಿಷನ್ನಿಗೆ ಎಷ್ಟು ಬೈದ್ರೂ ನಡೀತೈತೆ" ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ಕ್ಯಾಮೆರಾ ಬಿಟ್ಟು ಊರಿನವರ ಆಧಾರ್ ಕಾರ್ಡು ತಿರುಗಿಸುತ್ತ ಕೂರುವುದನ್ನು ನೆನೆದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮೇಷ್ಟ್ರು ಮತ್ತು ನಾಯಿ

ಆಮೇಲೆ ಬಂದವರು ವಿದ್ಯಾನಗರದ ಒಬ್ಬ ನಿವೃತ್ತ ಮೇಷ್ಟ್ರು. ಅವರ ನಾಯಿ ಬಿಸ್ಕತ್ತಿಗೆ ಹಾರುವ ಫೋಟೋ ಬೇಕಿತ್ತು. ನಾಯಿ ಕೂತೇ ಇತ್ತು.

"ಅದಕ್ಕೆ ಅರ್ಥ ಆಗಿಲ್ಲ ಕಣ್ರೀ. ಮೊದ್ಲು ನಾವು ಮಾಡಿ ತೋರಿಸ್ಬೇಕು" ಎಂದು ಮೇಷ್ಟ್ರು ತಾವೇ ಹಾರಿ ತೋರಿಸಿದರು. ನಾಯಿ ನೋಡಿತು. ಮತ್ತೆ ಹಾರಿದರು. ನಾಯಿ ಮತ್ತೆ ನೋಡಿತು. ಮೂವತ್ತು ವರ್ಷ ಪಾಠ ಮಾಡಿದವರು, ಬೇಗ ಸೋಲುವವರಲ್ಲ. ಕೊನೆಗೆ ಬಿಸ್ಕತ್ತು ಕೈಜಾರಿ ಬಿತ್ತು. ನಾಯಿ ಕೂತಲ್ಲೇ ಕತ್ತು ಚಾಚಿ ತಿಂದಿತು.

"ನಿಮ್ಮ ಕ್ಯಾಮೆರಾ ನಿಧಾನ" ಎಂದು ಮೇಷ್ಟ್ರು ನನಗೇ ಹೇಳಿದರು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ತೆಗೆದದ್ದನ್ನು ತೋರಿಸಿದೆ. ಕ್ಯಾಮೆರಾದಲ್ಲಿದ್ದದ್ದು ಹನ್ನೊಂದು ಫೋಟೋ, ಹನ್ನೊಂದರಲ್ಲೂ ಮೇಷ್ಟ್ರು ಗಾಳಿಯಲ್ಲಿ, ನಾಯಿ ನೆಲದ ಮೇಲೆ. ಅವರ ಹೆಂಡತಿ ಒಂದನ್ನು ಆರಿಸಿ, "ಇದನ್ನೇ ದೊಡ್ಡದು ಮಾಡಿ ಕೊಡ್ರಿ. ಗ್ಯಾಸ್ ಸಿಲಿಂಡರ್ ಬಂತು ಅಂದ್ರೂ ಇವ್ರು ಕುರ್ಚಿ ಬಿಟ್ಟು ಎದ್ದಿದ್ದು ನಾನು ನೋಡಿಲ್ಲ" ಎಂದರು.

ಹುಡುಗ ಮೇಲಿರಬೇಕು

ಹರಿಹರದ ಹೊಳೆ ದಂಡೆಯಲ್ಲಿ ಮದುವೆಗೆ ಮುಂಚಿನ ಫೋಟೋ. ಹುಡುಗ, ಹುಡುಗಿ, ಕಾವಲಿಗೆ ಹುಡುಗನ ಸೋದರತ್ತೆ. ಹುಡುಗಿ ಕಾಲೇಜಿನಲ್ಲಿ ಖೋಖೋ ಆಡಿದವಳು, ಸೊಂಟದೆತ್ತರ ಹಾರಿದಳು. ಹುಡುಗ ನಾಲ್ಕು ಬೆರಳಿಗಿಂತ ಮೇಲೆ ಏಳಲಿಲ್ಲ.

ಅತ್ತೆ ಪ್ರತಿ ಫೋಟೋನೂ ಕ್ಯಾಮೆರಾದಲ್ಲಿ ಬಗ್ಗಿ ನೋಡುವವಳು. "ಇದೇನ್ರೀ, ಅಕಿ ಮ್ಯಾಲದಾಳೆ, ನಮ್ಮ ಹುಡುಗ ಕೆಳಗದಾನೆ! ನೋಡ್ದೋರು ಏನಂದಾರು? ಯವ್ವಾ, ನೀನು ಸ್ವಲ್ಪ ಕಡಿಮೆ ಹಾರು."

ಹುಡುಗಿ ಕಡಿಮೆ ಹಾರಿದಳು. ಆಗಲೂ ಅವಳೇ ಮೇಲೆ. ಹುಡುಗನನ್ನು ಕಲ್ಲಿನ ಮೇಲೆ ನಿಲ್ಲಿಸಿದೆವು. ಅವನ ಚಪ್ಪಲಿ ಮಾತ್ರ ಹಾರಿ ಹೊಳೆಗೆ ಬಿತ್ತು. "ನಿಮಗೆ ಸರಿಯಾಗಿ ತೆಗೆಯಾಕೆ ಬರಲ್ಲೇನ್ರಿ?" ಎಂದು ಅತ್ತೆ ನನ್ನ ಮೇಲೆ ತಿರುಗಿದಳು. ಜೆರಾಕ್ಸ್ ಮಿಷನ್ ಕಣ್ಣ ಮುಂದೆ ಬಂತು. ಕ್ಯಾಮೆರಾದ ಬೆಲ್ಟನ್ನು ಬಾಯಿಗಿಟ್ಟು ಕಚ್ಚಿಕೊಂಡೆ. ಹಲ್ಲಿನ ಗುರುತು ಇನ್ನೂ ಇದೆ.

ಹುಡುಗಿಗೂ ಸಾಕಾಗಿತ್ತು. ಮರಳಿನ ಮೇಲೆ ಕೂತೇಬಿಟ್ಟಳು. "ಅತ್ತಿ, ನಾನು ಹಿಂಗೇ ಕುಂತಿರ್ತೀನಿ. ಈಗಾದ್ರೂ ನಿಮ್ಮ ಹುಡುಗ ಮ್ಯಾಲೆ ಬರ್ತಾನೇನೋ ನೋಡಾನ" ಎಂದಳು.

ಟಗರಿನ ಹುಟ್ಟುಹಬ್ಬ

ನಮ್ಮ ಓಣಿಯಲ್ಲೇ ಒಬ್ಬ ತನ್ನ ಟಗರಿನ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಹಾಕಿಸುವವನಿದ್ದ. ಟಗರು ಗಾಳಿಯಲ್ಲಿರಬೇಕು. ನನ್ನ ಬಾಯಿ ಕಾಯಲು ಹೆಂಡತಿಯೂ ಜೊತೆಗೆ ಬಂದಳು. ಮೈಗೆ ಎಣ್ಣೆ ಹಚ್ಚಿಸಿಕೊಂಡು, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡು ಟಗರು ಮೆಲುಕು ಹಾಕುತ್ತ ನಿಂತಿತ್ತು. ಕಟ್ಟೆ ಮೇಲೆ ಯಜಮಾನನ ತಾಯಿ ಹುಲ್ಲು ಹಿಡಿದು ಕೂತಿದ್ದಳು.

"ನಿನ್ನೆ ಕಾಂಪೌಂಡೇ ಹಾರೈತ್ರೀ ಇದು" ಎಂದ ಯಜಮಾನ.

ಒಂದು ಗಂಟೆ ಸೆಗಣಿ ನೆಲದ ಮೇಲೆ ಬೋರಲು ಮಲಗಿದ್ದೆ. ಟಗರು ಒಂದು ಕಾಲನ್ನೂ ಎತ್ತಲಿಲ್ಲ. ಯಜಮಾನ ಆಕಳಿಸಿ, "ಬಿಡ್ರಿ ಸಾರ್, ನಾನೇ ಮೊಬೈಲ್‌ನಾಗೆ ತೆಕ್ಕೊಂತೀನಿ. ನಿಮ್ಮ ಕ್ಯಾಮೆರಾಕ್ಕಿಂತ ಅದ್ರಾಗೇ ಚೆಂದ ಬರ್ತೈತೆ" ಎಂದ.

"ಏಯ್! ಇಪ್ಪತ್ತು ವರ್ಷ ನಾನೇನು ಕತ್ತೆ ಕಾಯ್ತಿದ್ನೇನೋ!"

ಆ ಕೂಗಿಗೆ ಬೆರಳೂ ಬಟನ್ ಒತ್ತಿಬಿಟ್ಟಿತ್ತು. ಮನೆಗೆ ಬಂದದ್ದೇ ಹೆಂಡತಿ ಏಣಿ ತಂದಳು. ಅಟ್ಟಕ್ಕೆ ಹಾಕಲು ಕ್ಯಾಮೆರಾ ಕೈಗೆ ತೆಗೆದುಕೊಂಡವಳು, ಕೊನೆಯ ಫೋಟೋ ನೋಡಿ ಅಲ್ಲೇ ನಿಂತಳು. ಟಗರು ನಾಲ್ಕು ಕಾಲೂ ಎತ್ತಿ ಗಾಳಿಯಲ್ಲಿ. ಯಜಮಾನ ಗಾಳಿಯಲ್ಲಿ. ಅವನ ತಾಯಿ ಹುಲ್ಲಿನ ಸಮೇತ ಕಟ್ಟೆ ಬಿಟ್ಟು ಒಂದು ಗೇಣು ಮೇಲೆ. ಮೂಲೆಯಲ್ಲಿ, ಸೆರಗು ಹಿಡಿದುಕೊಂಡು, ನನ್ನ ಹೆಂಡತಿಯೂ ಗಾಳಿಯಲ್ಲಿ.

ಅದೇ ಫೋಟೋದ ಫ್ಲೆಕ್ಸ್ ಓಣಿಯ ಬಾಯಲ್ಲಿ ಎದ್ದು ನಿಂತಿತು, ಅದು ಬಂದದ್ದು ಹೇಗೆಂದು ಯಜಮಾನ ಊರಿಗೆಲ್ಲ ಹೇಳಿದ. ವಾರದೊಳಗೆ ಜನ ಬರತೊಡಗಿದರು. "ಬೈದು ಫೋಟೋ ತೆಗೆಯೋರು ನೀವೇ ಏನ್ರಿ?" ಎಂದು ಕೇಳುತ್ತಾರೆ. ಇದಕ್ಕಿಂತ ಅವಮಾನ ಬೇಕೆ?

ನಿನ್ನೆ ನಂದಿಗುಡಿಯ ನಾಲ್ವರೂ ಬಂದರು. "ಎಣಿಸೋದು ಬ್ಯಾಡ್ರಿ. ಅವತ್ತಿನಂಗೆ ಒಂದ್ಸಲ ಬೈರಿ. ಬೆಂಕಿ ಮಾತ್ರ ಬ್ಯಾಡ" ಎಂದ ಹಿರಿಯಣ್ಣ. ಸ್ಟುಡಿಯೋದ ಪರದೆ ಮುಂದೆ ಸಾಲಾಗಿ ನಿಂತರು. ನಾನು ಕ್ಯಾಮೆರಾ ಹಿಡಿದು ನಿಂತೆ. ಹೇಳಿ ಬೈಯಿಸಿದರೆ ಸಿಟ್ಟು ಎಲ್ಲಿಂದ ಬರಬೇಕು? ಹತ್ತು ನಿಮಿಷ ಬಾಯಿ ತೆರೆದದ್ದೇ ಬಂತು. ಅವರು ಪಾಪ ಕಾಯುತ್ತಿದ್ದರು. ಹೊರಗೆ ಇನ್ನೂ ಎರಡು ಕುಟುಂಬ ಕೂತಿತ್ತು.

ಜೆರಾಕ್ಸ್ ಮಿಷನ್ ಹತ್ತಿರದಿಂದ ಹೆಂಡತಿ ಸಮಾಧಾನವಾಗಿ ಕೇಳಿದಳು. "ರೀ, ಆಗಲ್ಲ ಅಂದ್ರೆ ಬಿಡ್ರಿ. ನಾನೇ ಮೊಬೈಲ್‌ನಾಗೆ ತೆಗೀಲೇನು?"

ನಾನೇನು ಕೂಗಿದೆನೋ ನನಗೇ ಗೊತ್ತಿಲ್ಲ. ನಾಲ್ವರೂ ಒಂದೇ ಸಲಕ್ಕೆ ಹಾರಿದರು.

ಅವಳು ತಲೆಯೆತ್ತಿಯೂ ನೋಡಲಿಲ್ಲ. "ಬಂತಾ? ಹಂಗಾರೆ ಸಿಟ್ಟು ಇಳಿಯೋದ್ರೊಳಗೆ ಮುಂದಿನೋರನ್ನ ಕಳಿಸ್ತೀನಿ" ಎಂದಳು.