ಬೇಗಡೆ ವಿಮಾನ, ಬೇಕಾದಷ್ಟು ಅನುಮಾನ

ಒಂದು ವಸ್ತುವನ್ನು ಇನ್ನೊಂದರಂತೆ ಕಾಣಿಸುವ ಚಟ ಇರುವವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಕೆಲಸ ಚೆನ್ನಾಗಿ ಆದಷ್ಟೂ ಜನಕ್ಕೆ ಅನುಮಾನ ಜಾಸ್ತಿ. ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಸಂಜೆಯಾದರೆ ರಟ್ಟು ಕತ್ತರಿಸಿ, ಅಂಟಿಸಿ, ಪುಟ್ಟ ವಿಮಾನ ಮಾಡುವ ಹುಚ್ಚು. ಅದೂ ಹಳೇ ಕಾಲದ, ಬಣ್ಣವಿಲ್ಲದೆ ಬರೀ ಲೋಹವೇ ಹೊಳೆಯುವ ವಿಮಾನ. ಬೆಳ್ಳಿ ಪೇಂಟು ಬಳಿದರೆ ಸಂತೆಯ ಆಟಿಕೆಯಂತೆ ಕಾಣುತ್ತದೆ. ಲೋಹ ಲೋಹದಂತೆ ಕಾಣಬೇಕಾದರೆ ಸಿಗರೇಟು ಪ್ಯಾಕಿನೊಳಗಿನ ಬೇಗಡೆಯೇ ಆಗಬೇಕು. ನಾನೋ ಸಿಗರೇಟು ಸೇದದವನು, ಮೇಲಾಗಿ ಮದುವೆಗೆ ಹೆಣ್ಣು ನೋಡುತ್ತಿದ್ದ ಹುಡುಗ. ತೊಂದರೆ ಶುರುವಾದದ್ದೇ ಅಲ್ಲಿಂದ.

೧. ಪೆಟ್ಟಿಗೆ ಅಂಗಡಿ

"ಯಾವ್ ಸಿಗರೇಟು ಕೊಡ್ಲಿ ಸಾ?" ಎಂದ ಅಂಗಡಿಯವನು.

"ಸಿಗರೇಟು ಬ್ಯಾಡ. ಖಾಲಿ ಪ್ಯಾಕಿನ ಬೇಗಡೆ ಇದ್ರೆ ಕೊಡಪ್ಪ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಟ್ಟನೆ ಎದ್ದು ನಿಂತ. "ನಮ್ದೆಲ್ಲ ಒರಿಜಿನಲ್ ಮಾಲೇ ಸಾ. ಬೇಕಾರೆ ಒಳಿಕ್ ಬಂದು ನೋಡ್ಕಳಿ."

ನಕಲಿ ಮಾಲು ಹಿಡಿಯುವ ಸಾಹೇಬ ಎಂದುಕೊಂಡಿದ್ದಾನೆ ಎಂದು ನನಗೆ ಹೊಳೆಯಲಿಲ್ಲ. ಮಾರನೆಯ ದಿನದಿಂದ ಬೇಗಡೆಯ ಕಟ್ಟು ತಯಾರಾಗಿರುತ್ತಿತ್ತು, ಜೊತೆಗೊಂದು ರಸಬಾಳೆ ಹಣ್ಣು. ಎಷ್ಟು ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಒಂದು ದಿನ ಮೆಲ್ಲಗೆ ಕೇಳಿದ, "ಸಾ, ಬ್ಯಾಗಡೆ ಟೆಸ್ಟ್‌ಗೆ ಓಗಿತ್ತಲ್ಲ, ಏನ್ ಬಂತು?"

"ಟೆಸ್ಟ್ ಎಂಥದ್ದಪ್ಪ? ನಾನು ಅದರಲ್ಲಿ ವಿಮಾನ ಮಾಡ್ತೀನಿ."

ಅವನು ನಿಧಾನವಾಗಿ ಕುಳಿತುಕೊಂಡ. "ಇಷ್ಟ್ ದಿನ ಸುಮ್ಕೆ ಎದ್ ನಿಂತ್ಕತಿದ್ನಲ್ಲ! ಆ ಅಣ್ಣು ಅಲ್ಲೇ ಮಡುಗಿ."

೨. ಕುದಿಯುತ್ತಿದ್ದ ಪಾತ್ರೆ

ವಿಮಾನದ ಮೈಯೆಲ್ಲ ಒಂದೇ ಸಮ ಹೊಳೆಯಬಾರದು. ಎಂಜಿನ್ನಿನ ಸುತ್ತ ಸ್ವಲ್ಪ ಮಾಸಿರಬೇಕು. ಬೇಗಡೆಯನ್ನು ಮೊಟ್ಟೆಯ ಜೊತೆ ಕುದಿಸಿದರೆ ಹೊಳಪು ಇಳಿಯುತ್ತದೆ ಎಂದು ಯಾವುದೋ ಹಳೇ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೆ. ನಮ್ಮದು ಮೊಟ್ಟೆಯ ಸಿಪ್ಪೆಯೂ ಒಳಗೆ ಬಾರದ ಮನೆ. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಪಾತ್ರೆಗೆ ಮುಚ್ಚಳ ಮುಚ್ಚಿ ಕುದಿಯಲಿಟ್ಟೆ.

ಚಿಕ್ಕಯ್ಯನಛತ್ರದ ಕಡೆಯಿಂದ ಹೆಣ್ಣಿನವರು ಮನೆ ನೋಡಲು ಬಂದದ್ದು ಆಗಲೇ. ಹುಡುಗಿಯ ಸೋದರಮಾವ ಕೈ ತೊಳೆಯಲು ಹಿತ್ತಲಿಗೆ ಹೋದವನು ಮುಚ್ಚಳ ಎತ್ತಿ ನೋಡಿದ. ಮುಚ್ಚಿ ಬಂದು ತನ್ನವರಿಗೆ ಕಣ್ಸನ್ನೆ ಮಾಡಿದ. ಎಲ್ಲರೂ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಆಮೇಲೆ ಮದುವೆ ಬ್ರೋಕರ್ ಬಂದು ಆ ಸೋದರಮಾವ ಅಂದದ್ದನ್ನು ಹೇಳಿದ: "ಸಿಗರೇಟು ಸೇದೋರ್ನ ನೋಡಿವ್ನಿ. ಅದ್ನ ಮೊಟ್ಟೆ ಆಕಿ ಬೇಯಿಸ್ಕಂಡ್ ತಿನ್ನೋನ್ನ ಇವನೊಬ್ಬನ್ನೇ ಕಂಡಿದ್ದು."

ಅವತ್ತಿನಿಂದ ಅವ್ವ ದಿನಾ ಸಂಜೆ ಬಾಗಿಲಲ್ಲೇ ನಿಲ್ಲಿಸಿ ನನ್ನ ಬಾಯಿ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು.

೩. ಗೇಟು

ವಿಮಾನ ಮುಗಿಯಿತು. ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ, ಒಣಗಿದ ಬಾಲ್‌ಪೆನ್ನಿನಿಂದ ಒಂದೊಂದೇ ರಿವಿಟ್ಟು ಒತ್ತಿ, ಒಂದು ಬೇಸಿಗೆಯನ್ನೇ ಅದಕ್ಕೆ ಸುರಿದಿದ್ದೆ. ಗೆಳೆಯರಿಗೆ ತೋರಿಸೋಣ ಎಂದು ಕಾರ್ಖಾನೆಗೆ ಒಯ್ದೆ. ಸಂಜೆ ಹೊರಡುವಾಗ ಗೇಟಿನ ಗಾರ್ಡು ಚೀಲ ತಡೆದ.

"ಇದು ಕಂಪ್ನಿ ಅಲ್ಯೂಮಿನಿಯಂ ಶೀಟು."

"ಕಾಗದ ಕಣಪ್ಪ, ಎತ್ತಿ ನೋಡು, ಎಷ್ಟು ಹಗುರ ಇದೆ."

ಅವನು ಅಂಗೈಯಲ್ಲಿ ತೂಗಿ ನೋಡಿ, ಕಣ್ಣು ಇನ್ನಷ್ಟು ಸಣ್ಣದು ಮಾಡಿದ. "ಅಗುರ ಐತೆ ಅಂದ್ರೆ ಫಸ್ಟ್ ಕ್ಲಾಸ್ ಶೀಟೇ."

ಕೊನೆಗೆ ಮ್ಯಾನೇಜರರೇ ಬಂದು ನೋಡಿ ನಕ್ಕು, "ಬಿಡಪ್ಪ, ಹೋಗಲಿ" ಎಂದರು. ಗಾರ್ಡು ಬಿಡಬೇಕಲ್ಲ! ಗೇಟ್ ಪಾಸ್ ಇಲ್ಲದೆ ಕದಲಿಸುವುದಿಲ್ಲ ಎಂದು ಕೂತ. ಸರಿ, ಬರೆದುಕೊಟ್ಟರು: "ವಿಮಾನ, ಒಂದು. ಹೊರಗೆ ಹೋದದ್ದು ವಾಪಸು ಬರತಕ್ಕದ್ದಲ್ಲ."

೪. ಬಕೆಟ್ಟು

ಮುಂದಿನ ಸಂಬಂಧ ಮೂಗೂರಿನದು. ನಾವು ಹೋಗಿ ಹುಡುಗಿಯನ್ನು ನೋಡಿ ಬಂದಿದ್ದೆವು. ನಿಜ ಹೇಳುತ್ತೇನೆ, ನನಗೆ ಅವಳು ಬಹಳ ಹಿಡಿಸಿದ್ದಳು. ಇದೂ ತಪ್ಪಿದರೆ ಇನ್ನು ಹೆಣ್ಣೇ ನೋಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಹುಡುಗಿಯ ಅಪ್ಪ ನಿವೃತ್ತ ಬಸ್ ಚೆಕಿಂಗ್ ಇನ್ಸ್‌ಪೆಕ್ಟರು. ಜನ್ಮವೆಲ್ಲ ಟಿಕೆಟ್ಟಿಲ್ಲದವರ ಮುಖ ನೋಡಿ ನೋಡಿ, ಟಿಕೆಟ್ಟಿದ್ದವರನ್ನೂ ನಂಬದ ಮನುಷ್ಯ.

ಅವರು ಮನೆಗೆ ಬರುವ ದಿನ ಅವ್ವ ಬೇಗಡೆ ಡಬ್ಬವನ್ನು ಅಕ್ಕಿ ಮೂಟೆಯ ಹಿಂದೆ ತಳ್ಳಿದಳು. ಅವರು ಬಂದು ಕೂತು, ಸುತ್ತ ಒಮ್ಮೆ ನೋಡಿ, ಸೀದಾ ಅಕ್ಕಿ ಮೂಟೆಯ ಹಿಂದಕ್ಕೆ ಕೈ ಹಾಕಿದರು.

"ಇಷ್ಟೊಂದ್ ಬ್ಯಾಗಡೆ! ಸೇದ್ತೀರಾ?"

"ಇಲ್ಲ ಸಾ. ಈ ವಿಮಾನಕ್ಕೆ ಅಂತ ತಂದಿದ್ದು. ಒಳಗೆಲ್ಲ ಕಾಗದ, ಮೇಲೆ ಬೇಗಡೆ."

ಅವರು ವಿಮಾನವನ್ನು ತಿರುಗಿಸಿ ನೋಡಿದರು, ಬೆರಳಿಂದ ಉಜ್ಜಿದರು. "ಇದು ತಗಡು ಕಣ್ರೀ. ತಗಡಿಗೆ ಬ್ಯಾಗಡೆ ಯಾಕೆ ಬೇಕು? ಅಂಗಾರೆ ಸಿಗರೇಟು ಸೇದಿದ್ದು ಯಾರು?"

ಕಾಗದ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎದ್ದವರೇ ಬಚ್ಚಲಿಗೆ ಹೋಗಿ ನೀರು ತುಂಬಿದ ಬಕೆಟ್ಟಿನಲ್ಲಿ ವಿಮಾನವನ್ನು ಅದ್ದಿ, ಕೈಯಲ್ಲಿ ಒತ್ತಿ ಹಿಡಿದರು. "ಕಾಗ್ದ ಆದ್ರೆ ನೆನೀತದೆ."

ನೆನೆಯಲಿಲ್ಲ. ಬೇಗಡೆಯನ್ನು ನಾನು ಅಷ್ಟು ಗಟ್ಟಿಯಾಗಿ ಅಂಟಿಸಿದ್ದೆ. ಅವರು ಕೈ ಬಿಟ್ಟೊಡನೆ ವಿಮಾನ ಮೇಲೆದ್ದು ತೇಲಿತು. ಅವರು ನನ್ನ ಮುಖ ನೋಡಿದರು. ಒಂದು ಬೇಸಿಗೆ ಕೂತು ಮಾಡಿದ ವಿಮಾನ ಬೇಗ ಹಾಳಾಗಲಪ್ಪ ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ. ಅವ್ವ ಎರಡನೇ ಸಲ ಕಾಫಿ ತಂದಳು. ಆಗ ಬಾಲ ಜೋತುಬಿತ್ತು, ರೆಕ್ಕೆ ಬಿಚ್ಚಿಕೊಂಡಿತು, ಒಡಲು ಮುದ್ದೆಯಾಗಿ ತಳ ಸೇರಿತು.

ಅವರು ಮುದ್ದೆಯನ್ನೆತ್ತಿ ಹಿಂಡಿ, ಮೂಸಿ, ನನ್ನ ಕೈಗಿಟ್ಟರು. "ಸರಿ, ಕಾಗ್ದವೇ. ಉಡುಗ ಒಳ್ಳೇವ್ನು. ಲಗ್ನ ಇಡ್ಸಿ."

೫. ತಪ್ಪಲೆ

ಮದುವೆ ಟಿ. ನರಸೀಪುರದ ಛತ್ರದಲ್ಲಿ. ಮಾವನವರು ಅಳಿಯನಿಗೆಂದು ದೊಡ್ಡದೊಂದು ಬೆಳ್ಳಿ ತಟ್ಟೆ ತಂದಿದ್ದರು. ನನ್ನವ್ವ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಮಗನ ಕೈಚಳಕ ಕಂಡವಳು, ಯಾರನ್ನು ನಂಬಿಯಾಳು? "ಒಂದ್ ತಪ್ಪಲೆ ನೀರು ತನ್ನಿ," ಎಂದಳು.

ಮಂಟಪದ ಪಕ್ಕದಲ್ಲೇ, ಎರಡೂ ಕಡೆಯ ನೆಂಟರ ಎದುರಿಗೆ, ತಟ್ಟೆ ನೀರಿಗಿಳಿಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಾವನವರು ಮಾತ್ರ ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ. ಕೈಕಟ್ಟಿ ನಿಂತು, ಕಸುಬು ಬಲ್ಲವರ ಗಾಂಭೀರ್ಯದಿಂದ ಹೇಳಿದರು, "ಅವಸರ ಮಾಡ್ಬ್ಯಾಡಿ ಅಕ್ಕಾ. ಇಮಾನ ನೆನಿಯಾಕೂ ವಸಿ ಒತ್ತು ಇಡೀತು."

ಛತ್ರವೇ ನಕ್ಕಿತು. ಅಷ್ಟರಲ್ಲಿ ಮುಹೂರ್ತ ಬಂತು. ನಾನು ತಾಳಿ ಹಿಡಿದು ಹುಡುಗಿಯ ಕೊರಳ ಹತ್ತಿರ ಬಗ್ಗಿದೆ. ಅವಳು ತಲೆ ಎತ್ತದೆ, ನನಗೊಬ್ಬನಿಗೇ ಕೇಳುವ ಹಾಗೆ ಮೊದಲ ಮಾತು ಆಡಿದಳು:

"ಇದನ್ನೂ ನೀವೇ ಮಾಡಿದ್ದೇನ್ರೀ?"

ನೀರಿನ ತಪ್ಪಲೆ ಇನ್ನೂ ಪಕ್ಕದಲ್ಲೇ ಇತ್ತು. ಮೂರು ಗಂಟನ್ನೂ ಗಡಿಬಿಡಿಯಲ್ಲಿ ಬಿಗಿದುಬಿಟ್ಟೆ.