ಕೊಟ್ಟಾರದ ಖಾಲಿ ಕೋಣೆ

ನಮ್ಮ ಕುಟುಂಬದಲ್ಲಿ ಯಾವ ಜಾಗವೂ ಖಾಲಿ ಉಳಿದದ್ದನ್ನು ನಾನು ಕಂಡಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬರು ಕೂರುವಷ್ಟು ಜಾಗವಿದ್ದರೆ ಅಲ್ಲಿ ಒಂದು ಬಾಳೆಗೊನೆ ಬಂದು ಕೂರುತ್ತದೆ. ಇದು ಗೊತ್ತಿದ್ದೂ, ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಚಿತ್ರ ಬಿಡಿಸಲಿಕ್ಕೆಂದು ಕೊಟ್ಟಾರ ಎಂಬ ಬಡಾವಣೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಅಷ್ಟು ವರ್ಷ ಊಟದ ಮೇಜಿನ ತುದಿಯಲ್ಲಿ ಚಿತ್ರ ಬಿಡಿಸಿ, ಅನ್ನ ಬಂದ ಕೂಡಲೇ ಎತ್ತಿಟ್ಟವಳು ನಾನು. ಒಂದು ಕಿಟಕಿ, ನಡುವೆ ಏನೂ ಇಲ್ಲದ ನೆಲ, ನನಗೆ ಬೇಕಾದದ್ದು ಇಷ್ಟೇ.

ಭಟ್ಟರ ಸಂಕಲ್ಪ

ಗಣಹೋಮ ಮಾಡಿಸದೆ ಹೊಸ ಬಾಗಿಲು ತೆರೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹೋಮಕ್ಕೆ ಕೂತ ಭಟ್ಟರು ಕೇಳಿದರು, “ಎಂತ ವ್ಯಾಪಾರ?”

“ವ್ಯಾಪಾರ ಅಲ್ಲ. ಒಬ್ಬಳೇ ಕೂತು ಚಿತ್ರ ಬಿಡಿಸುವುದು.”

“ಗಿರಾಕಿಗಳು ಬರ್ತಾರಲ್ಲ?”

“ಯಾರೂ ಬರಬಾರದು ಅಂತಲೇ ಈ ಕೋಣೆ.”

ಭಟ್ಟರು ಕೈಯಲ್ಲಿದ್ದ ದರ್ಭೆ ಕೆಳಗಿಟ್ಟರು. “ಹಾಗೆ ಸಂಕಲ್ಪ ಮಾಡುವ ಕ್ರಮ ಇಲ್ಲ ಅಮ್ಮ,” ಎಂದವರು, ಜನ ಬರಲಿ, ಸರಕು ತುಂಬಲಿ ಎಂದು ಅಂಗಡಿಗಳಿಗೆ ಹೇಳುವುದನ್ನೇ ಹೇಳಿ ಮುಗಿಸಿದರು.

ಅವರ ಮಂತ್ರದ ಬಗ್ಗೆ ನನಗೆ ಈಗ ಯಾವ ಸಂಶಯವೂ ಇಲ್ಲ. ಸರಕು ಅದೇ ಸಂಜೆ ಬರಲು ಶುರುವಾಯಿತು.

ಭಾವನ ಪೆಟ್ಟಿಗೆಗಳು

ಮೊದಲು ಬಂದವರು ಅಕ್ಕನ ಗಂಡ, ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಭಾವ. ಅವರ ಮನೆಗೆ ಪೇಂಟಿಂಗ್ ನಡೆಯುತ್ತಿತ್ತಂತೆ. ಹಗ್ಗ ಬಿಗಿದ ದೊಡ್ಡ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ರಿಕ್ಷಾದಿಂದ ಇಳಿಸುತ್ತಾ, “ನನ್ನ ರಜೆ ಮುಗಿಯುವವರೆಗೆ ಮಾತ್ರ. ಹೇಗೂ ಇಲ್ಲಿ ಎಂತದೂ ಇಲ್ಲವಲ್ಲ,” ಎಂದರು.

“ಎಂತದೂ ಇರಬಾರದು ಭಾವ. ಬಿಡಿಸಿದ್ದನ್ನು ಸ್ವಲ್ಪ ದೂರ ನಿಂತು ನೋಡ್ಲಿಕ್ಕೆ ಜಾಗ ಬೇಕು.”

ಭಾವ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿ, ಅಲ್ಲಾಡಿಸಿ ನೋಡಿ, “ಇದರ ಮೇಲೆ ಹತ್ತಿ ನಿಲ್ಲು, ಇನ್ನೂ ದೂರ ಆಗ್ತದೆ,” ಎಂದರು.

ರಜೆ ಮುಗಿದು ಅವರು ವಿಮಾನ ಹತ್ತಿದರು. ಪೆಟ್ಟಿಗೆಗಳ ರಜೆ ಇನ್ನೂ ಮುಗಿದಿಲ್ಲ.

ಹಪ್ಪಳ

ಕೋಣೆಯ ಇನ್ನೊಂದು ಕೀಲಿಕೈ ಕಂಕನಾಡಿಯ ದೊಡ್ಡಮ್ಮನ ಹತ್ತಿರ ಇತ್ತು. ಕೊಡದಿದ್ದರೆ ಅವರಿಗೆ ಬೇಜಾರಾಗುತ್ತದೆ. ಒಂದು ದಿನ ಬಾಗಿಲು ತೆಗೆದು ನೋಡಿದರೆ, ನಾನು ಆಸೆಪಟ್ಟು ತಂದಿದ್ದ ಎಲ್ಲಕ್ಕಿಂತ ದೊಡ್ಡ ಕ್ಯಾನ್ವಾಸು ಕಿಟಕಿಯ ಬಿಸಿಲಿಗೆ ಅಂಗಾತ ಮಲಗಿದೆ. ಅದರ ತುಂಬಾ ಹಲಸಿನ ಹಪ್ಪಳ.

“ದೊಡ್ಡಮ್ಮ, ಇದು ಚಿತ್ರಕ್ಕೆ ತಂದದ್ದು.”

“ಬಟ್ಟೆ ಒಳ್ಳೆ ಬಿಗಿ ಉಂಟು ಮಾರಾಯ್ತಿ. ಚಾಪೆಯಲ್ಲಾದರೆ ಹಪ್ಪಳಕ್ಕೆ ಗೆರೆ ಬೀಳ್ತದೆ.”

ನನಗೆ ಕೆಟ್ಟ ಸಿಟ್ಟು ಬಂತು. “ನಾನಿವತ್ತು ಚಿತ್ರ ಬಿಡಿಸುವುದೆಲ್ಲಿ?” ಎಂದೆ.

“ಚಿತ್ರ ನಾಳೆಯೂ ಬಿಡಿಸಬಹುದು. ನಾಳೆ ಬಿಸಿಲು ಬರ್ತದೆ ಅಂತ ಎಂತ ಗ್ಯಾರಂಟಿ?”

ಕ್ಯಾನ್ವಾಸಿನ ಮೇಲೆ ದುಂಡು ದುಂಡು ಕಲೆ ಉಳಿಯಿತು. ಹಪ್ಪಳದ ಮೇಲೆ ಮಾತ್ರ ಒಂದು ಗೆರೆಯೂ ಇರಲಿಲ್ಲ.

ಪಾತ್ರೆಯಕ್ಕ

ಆಮೇಲೆ ಮಾವನ ಮನೆಯಿಂದ ಮದುವೆ ಅಡುಗೆಯ ಕಡಾಯಿ, ಹಂಡೆ, ಸೌಟುಗಳು ಬಂದವು. ಅವುಗಳ ಹಿಂದೆಯೇ ಫೋನ್ ಕರೆಗಳೂ ಬಂದವು.

“ಕೊಟ್ಟಾರದ ಪಾತ್ರೆಯಕ್ಕ ಅಲ್ವಾ? ಮಗಳ ಮೆಹಂದಿ ಉಂಟು. ದೊಡ್ಡ ಕಡಾಯಿ ಸಿಗ್ತದಾ?”

“ನಾನು ಚಿತ್ರ ಬಿಡಿಸುವವಳು.”

“ಹಾಗಾ? ಕಡಾಯಿಯ ಮೇಲೆ ಹೆಸರು ಬರೆಯುವುದೂ ನೀವೇಯಾ?”

ಕಡಾಯಿ ಕೊಟ್ಟು ಕಳಿಸಿದೆ. ಅದು ವಾಪಸ್ ಬರುವವರೆಗೆ ಅದಿದ್ದ ಮೂಲೆಯಲ್ಲಿ ಸ್ಟೂಲು ಹಾಕಿ ಕೂತುಕೊಂಡೆ. ನನ್ನ ಮೊದಲ ಸ್ಕೆಚ್ ಆದದ್ದು ಅಲ್ಲಿಯೇ.

ಪ್ರದರ್ಶನ

ಕಡೆಗೆ ಬಾಗಿಲ ಬಳಿ ನಿಲ್ಲುವಷ್ಟು ಜಾಗ ಮಾತ್ರ ಉಳಿಯಿತು. ಅಲ್ಲೇ ನಿಂತು, ಅದೇ ಹಪ್ಪಳದ ಕ್ಯಾನ್ವಾಸಿನ ಮೇಲೆ ನನ್ನ ಕೋಣೆಯನ್ನೇ ಬಿಡಿಸಿದೆ. ಮೊದಲ ದಿನ ಹೇಗಿತ್ತೋ ಹಾಗೆ: ಬಿಳಿ ಗೋಡೆ, ತೆರೆದ ಕಿಟಕಿ, ಕೆಂಪು ನೆಲದ ಮೇಲೆ ಬಿಸಿಲು. ಬೇರೆ ಏನೂ ಇಲ್ಲ. ಭಟ್ಟರು ಮತ್ತು ಭಾವನನ್ನು ಬಿಟ್ಟರೆ ಆ ಕೋಣೆಯನ್ನು ಖಾಲಿ ಇದ್ದಾಗ ನೋಡಿದವಳು ನಾನೊಬ್ಬಳೇ. ಇದನ್ನು ನೋಡಿಯಾದರೂ ಇವರಿಗೆ ನನ್ನ ಸಂಕಟ ತಿಳಿಯಲಿ ಎಂದು ಒಂದು ಭಾನುವಾರ ಎಲ್ಲರನ್ನೂ ಕರೆದೆ. ಗೋಡೆ ಕಾಣದ ಕಾರಣ ಚಿತ್ರವನ್ನು ಭಾವನ ಪೆಟ್ಟಿಗೆಗಳಿಗೇ ಒರಗಿಸಿಟ್ಟೆ.

ಎಲ್ಲರೂ ಹಂಡೆಗಳ ನಡುವೆ ಒತ್ತಿಕೊಂಡು ನಿಂತು ನೋಡಿದರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಹೋದರು, ಆ ಮೂಲೆ ಈ ಮೂಲೆ ನೋಡಿದರು. “ಎಷ್ಟು ಚಂದ ಉಂಟು,” ಎಂದರು ಮೆಲ್ಲಗೆ. ಕಡೆಗೂ ಒಬ್ಬರಿಗೆ ಅರ್ಥವಾಯಿತಲ್ಲ ಎಂದುಕೊಂಡೆ.

ದೊಡ್ಡಮ್ಮ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಬೇರೆಯವರಿಗೆ ಕೇಳಿಸಬಾರದೆಂದು ಕಿವಿಯ ಹತ್ತಿರ ಬಂದು ಹೇಳಿದರು:

“ನಮ್ಮ ಹಳೆ ಕಪಾಟು ಒಂದು ಉಂಟು. ಚಿತ್ರದಲ್ಲಿ ಉಂಟಲ್ಲ, ಆ ಕೋಣೆಯ ಕೀಲಿಕೈ ಯಾರ ಹತ್ತಿರ ಇರುವುದು?”